ಇದನ್ನು ಹಾಕಿದರೆ ಫೋನ್ ಕೆಟ್ಟುಹೋಗುವುದಿಲ್ಲವೇ?

ಜೇಬಿನಿಂದ ನನ್ನ ಪೈನ್‌ಫೋನ್ ಎಂಬ ಮೊಬೈಲ್ ತೆಗೆದು ಮೇಜಿನ ಮೇಲಿಟ್ಟರೆ ಸಾಕು, ಈ ಪ್ರಶ್ನೆ ಬಂದೇ ಬರುತ್ತದೆ. ಅದರಲ್ಲಿ ಓಡುತ್ತಿರುವುದು ಆಂಡ್ರಾಯ್ಡ್ ಅಲ್ಲ, ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣಾ ವ್ಯವಸ್ಥೆ, ಪರದೆಯ ಮೇಲೆ ಕಾಣುವ ಐಕಾನ್, ಕೀಲಿಮಣೆ, ಬೀಗದ ಪರದೆ ಎಲ್ಲವೂ ಫಾಶ್ ಎಂಬ ಮುಕ್ತ ತಂತ್ರಾಂಶದ್ದು, ಹಾಕಿಕೊಂಡವನು ನಾನೇ ಎಂದರೆ ಕೇಳಿದವರ ಮುಖದಲ್ಲಿ ಮೊದಲು ಆಸೆ ಮೂಡುತ್ತದೆ, ಅದರ ಬೆನ್ನಿಗೇ ಅಂಜಿಕೆ. ಮೊನ್ನೆ ಅಕ್ಕನ ಮಗನೂ ಕೇಳಿದ: ‘ಮಾವ, ಹಾಕುವಾಗ ಏನಾದರೂ ತಪ್ಪಿದರೆ?’

ಕೆಡುವುದಿಲ್ಲ. ಈ ಫೋನಿನ ಮಟ್ಟಿಗೆ ಅದು ಖಚಿತ.

ಹಿಂದೆ ಈ ಅಂಜಿಕೆಗೆ ಅರ್ಥವಿತ್ತು. 2000ರಲ್ಲಿ ಬಂದ ಕಾಂಪ್ಯಾಕ್ ಐಪ್ಯಾಕ್ ಅಂಗೈ ಕಂಪ್ಯೂಟರಿನಲ್ಲಿ 206 ಮೆಗಾಹರ್ಟ್ಸ್ ಪ್ರೊಸೆಸರ್, 16 ಎಂಬಿ ಫ್ಲ್ಯಾಶ್ ಸಂಗ್ರಹ ಇದ್ದವು. ಅಷ್ಟರಲ್ಲೇ ಲಿನಕ್ಸ್ ತುಂಬಿ, ಜಿಪಿಇ ಅಥವಾ ಓಪೀ ಎಂಬ ಡೆಸ್ಕ್‌ಟಾಪ್ ಹಾಕಿ ಬಳಸಿದವರಿದ್ದರು. ಆದರೆ ಅದಕ್ಕೆ ಮೊದಲು ಯಂತ್ರವನ್ನು ಎಬ್ಬಿಸುವ ಬೂಟ್‌ಲೋಡರನ್ನೇ ಅಳಿಸಿ ಹೊಸದನ್ನು ಬರೆಯಬೇಕಿತ್ತು. ಆ ಹೊತ್ತಿಗೆ ಸರಿಯಾಗಿ ವಿದ್ಯುತ್ ಹೋಯಿತೆಂದರೆ ಕೈಯಲ್ಲಿ ಉಳಿಯುವುದು ಬರೀ ಡಬ್ಬಿ.

ಪೈನ್‌ಫೋನಿನಲ್ಲಿರುವ ಆಲ್‌ವಿನ್ನರ್ ಎ64 ಚಿಪ್‌ನ ದಾರಿಯೇ ಬೇರೆ. ಯಾರೂ ಅಳಿಸಲಾಗದ ಒಂದು ಚಿಕ್ಕ ಪ್ರೋಗ್ರಾಂ ಚಿಪ್‌ನೊಳಗೇ ಇದೆ. ಗುಂಡಿ ಒತ್ತಿದೊಡನೆ ಅದು ಮೊದಲು ನೋಡುವುದು ಮೈಕ್ರೋ ಎಸ್‌ಡಿ ಕಾರ್ಡನ್ನು. ಅಲ್ಲಿ ಏನೂ ಸಿಗದಿದ್ದರೆ ಮಾತ್ರ ಒಳಗಿನ ಸಂಗ್ರಹಕ್ಕೆ ಹೋಗುತ್ತದೆ. ಆದ್ದರಿಂದ ಹೊಸ ವ್ಯವಸ್ಥೆಯನ್ನು ಕಾರ್ಡಿನ ಮೇಲೆ ಬರೆದು, ಹಿಂಬದಿಯ ಮುಚ್ಚಳ ತೆರೆದು ತೂರಿಸಿದರಾಯಿತು. ಇಷ್ಟವಾಗದಿದ್ದರೆ ಕಾರ್ಡ್ ಹೊರಗೆಳೆಯಿರಿ, ಹಳೆಯದು ಇದ್ದಲ್ಲೇ ಇರುತ್ತದೆ. ಅಕ್ಕನ ಮಗನ ಕೈಗೇ ಫೋನ್ ಕೊಟ್ಟು ಮೂರು ಸಲ ಹಾಕಿ ತೆಗೆಸಿದೆ. ಮೂರನೆಯ ಸಲಕ್ಕೆ ಅವನ ಕೈ ನಡುಗಲಿಲ್ಲ.

ಅಪಾಯ ಇರುವುದು ಫೋನಿನಲ್ಲಲ್ಲ, ಕಾರ್ಡ್ ಬರೆಯುವ ಲ್ಯಾಪ್‌ಟಾಪಿನಲ್ಲಿ. ಬರೆಯುವ ತಂತ್ರಾಂಶ ಯಾವ ಡಿಸ್ಕ್‌ಗೆ ಎಂದು ಕೇಳುತ್ತದೆ. ಒಮ್ಮೆ ಅವಸರದಲ್ಲಿ ಕಾರ್ಡಿನ ಬದಲು ಲ್ಯಾಪ್‌ಟಾಪಿನ ಡಿಸ್ಕನ್ನೇ ಆರಿಸಿ, ಒತ್ತುವ ಮುನ್ನ ಅದರ ಪಕ್ಕದ ಗಾತ್ರ ಕಣ್ಣಿಗೆ ಬಿದ್ದು ನಿಂತೆ. ನನ್ನ ಕಾರ್ಡ್ 32 ಜಿಬಿ. ಅಲ್ಲಿ ಕಂಡದ್ದು 512. ಮಗಳ ಹುಟ್ಟಿದಂದಿನ ಫೋಟೋಗಳೆಲ್ಲ ಆ 512ರಲ್ಲಿದ್ದವು. ಅಂದಿನಿಂದ ಗಾತ್ರವನ್ನು ಬಾಯಿಬಿಟ್ಟು ಓದಿದ ಮೇಲೆಯೇ ಮುಂದಿನ ಹೆಜ್ಜೆ.

ಹೊಸಬರಿಗೆ ಪೋಸ್ಟ್‌ಮಾರ್ಕೆಟ್‌ಓಎಸ್ ಎಂಬ ಫೋನಿನ ಲಿನಕ್ಸ್, ಅದರ ಮೇಲೆ ಫಾಶ್ ಎಂದೇ ಹೇಳುತ್ತೇನೆ. ಫಾಶ್ ಬದಲು ಹಾಕಬಹುದಾದ ಬೇರೆ ಮುಖಗಳೂ ಇವೆ. ಪ್ಲಾಸ್ಮಾ ಮೊಬೈಲ್ ಚೆಂದವಿದೆ, ಆದರೆ 2 ಜಿಬಿ ಮೆಮೊರಿಯ ಫೋನಿನಲ್ಲಿ ಏದುಸಿರು ಬಿಡುತ್ತದೆ. ಎಸ್‌ಎಕ್ಸ್‌ಎಂಓ ಬಲು ಹಗುರ, ಕಲಿಯಲು ಮಾತ್ರ ತಾಳ್ಮೆ ಬೇಕು.

ನನ್ನ ಕಾರ್ಡಿನಲ್ಲಿ ಮೊದಲ ದಿನ ಕನ್ನಡದ ಜಾಗದಲ್ಲೆಲ್ಲ ಚೌಕಗಳೇ ಕಂಡವು. ನೋಟೋ ಕನ್ನಡ ಅಕ್ಷರಶೈಲಿಯ ಪ್ಯಾಕೇಜ್ ಹಾಕಿ ಬ್ರೌಸರನ್ನು ಮತ್ತೆ ತೆರೆದೆ. ‘ಸ್ತ್ರೀ’ ಎಂಬ ಪದದಲ್ಲಿ ತ-ಒತ್ತು, ರ-ಒತ್ತು, ದೀರ್ಘ ಮೂರೂ ತಮ್ಮ ತಮ್ಮ ಜಾಗದಲ್ಲಿ ಕೂತಿದ್ದವು. ಯಾರ ಅಪ್ಪಣೆಯೂ ಇಲ್ಲದೆ ನನ್ನ ಭಾಷೆಯನ್ನು ನನ್ನ ಫೋನಿಗೆ ನಾನೇ ಸೇರಿಸಿದ ಆ ಸಂಜೆ ಬಹಳ ಹೊತ್ತು ಸುಮ್ಮನೆ ಓದುತ್ತ ಕುಳಿತಿದ್ದೆ.

ಎರಡು ಮಾತು ಮುಚ್ಚಿಡಬಾರದು. ಹಣ ಕಳಿಸುವ ಯುಪಿಐ ಆ್ಯಪ್‌ಗಳಿಗೆ ನಾನು ಇಂದಿಗೂ ಬೇರೆ ಫೋನ್ ಇಟ್ಟುಕೊಂಡಿದ್ದೇನೆ. ಇನ್ನೊಂದು, ಮೇಲೆ ಹೇಳಿದ ಧೈರ್ಯ ನಿಮ್ಮ ಹಳೆಯ ಆಂಡ್ರಾಯ್ಡ್ ಫೋನಿಗೆ ಅನ್ವಯಿಸುವುದಿಲ್ಲ. ಅಲ್ಲಿ ಸಾಮಾನ್ಯವಾಗಿ ಬೂಟ್‌ಲೋಡರಿನ ಬೀಗ ತೆಗೆಯಬೇಕು, ತೆಗೆದಾಗ ಒಳಗಿರುವುದೆಲ್ಲ ಅಳಿಸಿಹೋಗುತ್ತದೆ. ಅದಕ್ಕೆ ಕೈ ಹಾಕುವ ಮೊದಲು ಫೋಟೋಗಳನ್ನು ಬೇರೆಡೆ ನಕಲು ಮಾಡಿಟ್ಟುಕೊಳ್ಳಿ.