ಭಾನುವಾರದ ಫೀಡ್

14 ಸೆಪ್ಟೆಂಬರ್ 2025, ಭಾನುವಾರ

ಲ್ಯಾಬಲ್ಲಿ ಔಷಧಿಗಾಗಿ ಸೆಲ್ ಬೆಳೆಸೋ ಬ್ಯಾಚ್ ನಡೀತಿದ್ದರೆ ನಮಗೆ ಭಾನುವಾರ ಅನ್ನೋದಿಲ್ಲ. ಹಳದಿ ಮೆಟ್ರೊ ಶುರುವಾದಾಗಿನಿಂದ ಸಿಲ್ಕ್ ಬೋರ್ಡ್ ಕಾಟವಾದರೂ ತಪ್ಪಿತು. ಇವತ್ತು ರೈಲಿಗೆ ಕಾದಿದ್ದು ಜಾಸ್ತಿ, ಇರಲಿ. ಆರ್.ವಿ. ರೋಡಲ್ಲಿ ಹತ್ತಿ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಇಳಿದೆ.

ನಾವು ಸಾಕೋದು ಚೋ ಸೆಲ್ಸ್, ಅಂದರೆ ಚೈನೀಸ್ ಹ್ಯಾಮ್‌ಸ್ಟರ್ ಇಲಿಯ ಅಂಡಾಶಯದ ಜೀವಕೋಶಗಳು. 1957ರಲ್ಲಿ ಥಿಯೋಡರ್ ಪಕ್ ಬೇರ್ಪಡಿಸಿ ಬೆಳೆಸಿದ ವಂಶ. ಇವತ್ತು ಪ್ರಪಂಚದ ಬಹುಪಾಲು ಆಂಟಿಬಾಡಿ ಔಷಧಿಗಳು ಇವುಗಳಿಂದಲೇ ಬರೋದು. ಶುರುವಿನ ಮೀಡಿಯಾ, ಅಂದರೆ ಇವು ಬೆಳೆಯೋ ಪೋಷಕ ದ್ರಾವಣದ ಸತ್ವ, ಕೆಲವೇ ದಿನಕ್ಕೆ ಖಾಲಿ. ಆಮೇಲೆ ಗ್ಲೂಕೋಸ್, ಅಮೈನೋ ಆಮ್ಲ, ವಿಟಮಿನ್, ಲೋಹದ ಅಂಶಗಳನ್ನು ಗಟ್ಟಿ ದ್ರಾವಣ ಮಾಡಿ ಹೊರಗಿಂದ ಕೊಡ್ತಾ ಹೋಗಬೇಕು, ಅದೇ ಫೀಡ್.

ಬೆಳಗ್ಗೆಯೆಲ್ಲ ಟೈರೋಸಿನ್ ಅನ್ನೋ ಅಮೈನೋ ಆಮ್ಲದ ಜೊತೆ ಗುದ್ದಾಟ. ಮಾಮೂಲಿ ನೀರಲ್ಲಿ ಲೀಟರಿಗೆ ಅರ್ಧ ಗ್ರಾಂ ಕೂಡ ಕರಗದ ಪುಡಿ ಇದು. ಸ್ಟಿರರ್ ಎಷ್ಟೇ ತಿರುಗಲಿ, ಬಿಳಿ ಕೆನೆ ಥರ ಮೇಲೆ ತೇಲ್ತಾ ಬೀಕರಿನ ಅಂಚಿಗೆ ಅಂಟಿಕೊಳ್ಳುತ್ತೆ. ಕಾಸ್ಟಿಕ್ ಸೋಡಾ ಹನಿಹನಿಯಾಗಿ ಬಿಟ್ಟು ಪಿಎಚ್ 11ರ ಹತ್ತಿರ ಹೋದಾಗ ಒಮ್ಮೆಗೇ ತಿಳಿಯಾಗುತ್ತೆ. ಅದಕ್ಕೇ ಟೈರೋಸಿನ್‌ಗೆ ಬೇರೆ ಬಾಟಲಿ, ಮಿಕ್ಕಿದ್ದಕ್ಕೆ ಬೇರೆ. ಇಷ್ಟು ಕ್ಷಾರವನ್ನು ಗಬಕ್ಕನೆ ಸುರಿದರೆ ಪಿಎಚ್ 7ರ ಆಸುಪಾಸಲ್ಲಿ ಹಾಯಾಗಿರೋ ಸೆಲ್‌ಗಳ ಗತಿ ಮುಗೀತು. ಪಂಪಿನಲ್ಲಿ ನಿಧಾನಕ್ಕೆ ಬಿಡಬೇಕು.

ದಾವಣಗೆರೆಯಿಂದ ಬಂದಿರೋ ಟ್ರೈನಿ ಹುಡುಗಿ ಕೇಳಿದಳು: "ಮೇಡಂ, ಇಷ್ಟೆಲ್ಲ ಒದ್ದಾಡೋ ಬದಲು ಸ್ವಲ್ಪ ಕಮ್ಮಿ ಹಾಕಿದ್ರೆ ಏನಾಗುತ್ತೆ? ಸಾಯ್ತಾವಾ?"

"ಸತ್ರೆ ಎಷ್ಟೋ ವಾಸಿ ಕಣಮ್ಮ, ನಮಗೆ ಗೊತ್ತಾದ್ರೂ ಆಗುತ್ತೆ."

ಅಸಲಿ ತೊಂದರೆ ಇರೋದೇ ಇಲ್ಲಿ. ಟೈರೋಸಿನ್ ಮುಗಿದರೂ ಕೋಶ ಪ್ರೋಟೀನ್ ಕಟ್ಟೋದನ್ನು ಪೂರ್ತಿ ನಿಲ್ಲಿಸಲ್ಲ. ಅದರ ಜಾಗದಲ್ಲಿ ಅಲ್ಲೊಂದು ಇಲ್ಲೊಂದು ಫೀನೈಲ್‌ಅಲನಿನ್ ಅನ್ನೋ ಬೇರೆ ಅಮೈನೋ ಆಮ್ಲ ಕೂರಿಸಿಬಿಡುತ್ತೆ. ಬೆಲ್ಲ ಸಾಲದೆ ಸಕ್ಕರೆ ಬೆರೆಸಿದ ಒಬ್ಬಟ್ಟಿನ ಹಾಗೆ, ನೋಡಿದರೆ ಗೊತ್ತಾಗಲ್ಲ. ಆಸ್ಪರಜಿನ್ ಅನ್ನೋ ಅಮೈನೋ ಆಮ್ಲ ಸಾಲದಿದ್ದಾಗ ಸೆರಿನ್ ಅನ್ನೋದು ನುಸುಳೋದೂ ಹೀಗೇ. ಸೆಲ್ ಕೌಂಟ್ ಚೆನ್ನಾಗಿರುತ್ತೆ, ಟೈಟರ್, ಅಂದರೆ ಲೀಟರಿಗೆ ಎಷ್ಟು ಪ್ರೋಟೀನ್ ಬಂತು ಅನ್ನೋ ಲೆಕ್ಕ, ಅದೂ ಚೆನ್ನಾಗಿರುತ್ತೆ. ಅಣುಗಳ ತೂಕ ಅಳೆಯೋ ಮಾಸ್ ಸ್ಪೆಕ್‌ನಲ್ಲಿ ಪ್ರೋಟೀನಿನ ತುಂಡುಗಳನ್ನು (ಪೆಪ್ಟೈಡ್) ನೋಡಿದಾಗಲೇ, ಟೈರೋಸಿನ್ ತಪ್ಪಿದ ಕಡೆ 16 ಡಾಲ್ಟನ್ (ಅಣುತೂಕದ ಅಳತೆ) ಕಮ್ಮಿ ತೂಗೋ ಸಣ್ಣ ಶಿಖರವೊಂದು ಸಿಕ್ಕಿಬೀಳೋದು. ರೋಗಿಯ ರಕ್ತಕ್ಕೆ ಹೋಗೋ ಔಷಧಿ ಇದು. ಟೈಟರ್ ಗ್ರಾಫ್ ಒಂದನ್ನೇ ತೋರಿಸಿ ಚಪ್ಪಾಳೆ ಗಿಟ್ಟಿಸೋ ಸ್ಲೈಡ್‌ಗಳನ್ನು ನಾನು ನಂಬಲ್ಲ.

ಹಾಗಂತ ಎಲ್ಲವನ್ನೂ ಧಾರಾಳವಾಗಿ ಸುರಿಯೋಕೂ ಆಗಲ್ಲ. ಗ್ಲೂಕೋಸ್ ಅತಿಯಾದರೆ ಲ್ಯಾಕ್ಟೇಟ್, ಗ್ಲುಟಮಿನ್ ಅನ್ನೋ ಅಮೈನೋ ಆಮ್ಲ ಅತಿಯಾದರೆ ಅಮೋನಿಯ, ಎರಡೂ ಸೆಲ್‌ಗಳು ಹೊರಹಾಕೋ ಕಸ. ಆ ಅಮೋನಿಯ ಪ್ರೋಟೀನಿಗೆ ಅಂಟೋ ಸಕ್ಕರೆ ಸರಪಳಿಯನ್ನೇ ಕೆಡಿಸುತ್ತೆ. ಏನೇ ಹಾಕಿದರೂ ಆಸ್ಮೊಲಾಲಿಟಿ, ಅಂದರೆ ದ್ರಾವಣದಲ್ಲಿ ಕರಗಿದ ಕಣಗಳ ಸಾಂದ್ರತೆ, ಏರುತ್ತೆ. ಹಿಂದೆ ಕರುವಿನ ಸೀರಮ್ ಹಾಕ್ತಿದ್ದರು. ಹುಚ್ಚು ಹಸು ರೋಗದ ಭಯ ಬಂದ ಮೇಲೆ ಅದನ್ನು ದೂರ ಇಡೋದು ಹೆಚ್ಚಾಯಿತು. ಸೋಯಾ ಹೈಡ್ರೊಲೈಸೇಟ್, ಅಂದರೆ ಸೋಯಾ ಪ್ರೋಟೀನ್ ಒಡೆದು ಮಾಡಿದ್ದು, ಅಗ್ಗ, ಆದರೆ ಒಂದು ಲಾಟ್ ಇದ್ದಂಗೆ ಇನ್ನೊಂದು ಇರಲ್ಲ. ನನಗಂತೂ ಅದರ ವಾಸನೆಯೂ ಬೇಡ, ಸಹವಾಸವೂ ಬೇಡ.

ಮಧ್ಯಾಹ್ನ ಸ್ಯಾಂಪಲ್ ತೆಗೆದು, ಸೆಲ್ ಬೇರ್ಪಡಿಸಿ, ಉಳಿದ ದ್ರಾವಣವನ್ನು ಅಮೈನೋ ಆಮ್ಲ ಪರೀಕ್ಷೆಗೆ ಫ್ರೀಜರಿನಲ್ಲಿಟ್ಟೆ. ನಾಳೆ ಮೀಟಿಂಗಿನಲ್ಲಿ ಫೀಡ್ ಪೂರ್ತಿ ಏರಿಸೋಣ ಅನ್ನೋ ಮಾತು ಬರೋದು ಖಚಿತ. ನಾನು ಟೈರೋಸಿನ್ ಒಂದನ್ನೇ ಏರಿಸೋಣ ಅಂತೀನಿ. ಫಾಸ್ಫೇಟ್ ಸೇರಿಸಿದ, ಚೆನ್ನಾಗಿ ಕರಗೋ ಫಾಸ್ಫೋಟೈರೋಸಿನ್ ಕೂಡ ಇದೆ, ಕಾಸ್ಟಿಕ್ ರಗಳೆ ಇಲ್ಲ. ರೇಟ್ ಕೇಳಿದ ತಕ್ಷಣ ಪರ್ಚೇಸ್‌ನವರ ಮುಖ ಹೇಗಾಗುತ್ತೋ ನೋಡಬೇಕು.