ರೆಸಾರ್ಟ್ ಗೇಟಿಗೆ ಹೋಗುವ ಕ್ಯಾಮೆರಾ ಸದನಕ್ಕೆ ಬೇಡ್ವಾ?

ನ್ಯೂಸ್ ಚಾನೆಲ್‌ಗಳನ್ನು ಬೈಯೋದು ನನಗೆ ಬಹಳ ಇಷ್ಟದ ಕೆಲಸ. ಶಾಸಕರು ರೆಸಾರ್ಟ್ ಸೇರಿದರೆ ಸಾಕು, ಗೇಟಿನ ಮುಂದೆ ನಿಂತು ಒಳಗೆ ತಿಂಡಿಗೆ ಏನಿತ್ತು ಅಂತ ಹೇಳ್ತಾರೆ. ನಾಯಕರ ಕಾರಿನ ಹಿಂದೆ ಓಡಿ ಮುಚ್ಚಿದ ಕಿಟಕಿ ಗಾಜನ್ನೇ ಸುಮ್ನೆ ತೋರಿಸ್ತಾ ಇರ್ತಾರೆ. ಆದರೂ ಒಂದು ವಿಷಯದಲ್ಲಿ ನಾನು ಪೂರ್ತಿ ಅವರ ಕಡೆ. ವಿಧಾನಸಭೆಯೊಳಗೆ ಅವರ ಕ್ಯಾಮೆರಾ ಇರಬೇಕು.

2019ರ ಅಕ್ಟೋಬರ್‌ನಲ್ಲಿ ಆಗಿನ ಸ್ಪೀಕರ್ ವಿಶ್ವೇಶ್ವರ ಹೆಗಡೆ ಕಾಗೇರಿಯವರು ಖಾಸಗಿ ಚಾನೆಲ್‌ಗಳ ಕ್ಯಾಮೆರಾಗಳನ್ನು ಸದನದಿಂದ ಹೊರಗಿಟ್ಟರು. ವರದಿಗಾರರು ಪೆನ್ನು ಪೇಪರ್ ಹಿಡಿದು ಕೂರಬಹುದು, ದೃಶ್ಯ ಬೇಕಿದ್ದರೆ ಸರ್ಕಾರಿ ಫೀಡ್, ಅಂದರೆ ಸರ್ಕಾರಿ ಕ್ಯಾಮೆರಾ ಹಿಡಿದ ದೃಶ್ಯ, ತಗೊಳ್ಳಬಹುದು ಎಂಬ ಏರ್ಪಾಡು. ಲೋಕಸಭೆಯಲ್ಲೂ ಹೀಗೇ ಇದೆ ಎಂಬುದು ಸಮರ್ಥನೆ. ಪತ್ರಕರ್ತರು ಪ್ರತಿಭಟಿಸಿದರು. ಟಿವಿ ನೋಡುವ ನಾವು ಅಷ್ಟಾಗಿ ತಲೆ ಕೆಡಿಸಿಕೊಳ್ಳಲಿಲ್ಲ. "ಒಳ್ಳೇದಾಯ್ತು ಬಿಡು, ಅವರ ಕಿರುಚಾಟವಾದ್ರೂ ಕಡಿಮೆಯಾಗುತ್ತೆ" ಅಂದ ನನ್ನ ಗೆಳೆಯನೊಬ್ಬ. ಕಿರುಚಾಟ ನಡೆಯೋದು ಸ್ಟುಡಿಯೋದಲ್ಲಿ ಕಣಪ್ಪಾ, ಸದನದಲ್ಲಿಟ್ಟ ಕ್ಯಾಮೆರಾ ಬಾಯಿ ಬಿಡಲ್ಲ ಅಂದೆ. ನಕ್ಕು ಸುಮ್ಮನಾದ.

2012ರ ಫೆಬ್ರವರಿ ನೆನಪಿದೆಯಾ? ಕಲಾಪ ನಡೀತಿರುವಾಗಲೇ ಸಚಿವರು ಮೊಬೈಲ್‌ನಲ್ಲಿ ಅಶ್ಲೀಲ ವಿಡಿಯೋ ನೋಡುತ್ತಿದ್ದ ದೃಶ್ಯ ಟಿವಿಯಲ್ಲಿ ಬಂತು. ಮರುದಿನವೇ ಮೂವರು ಸಚಿವರು ರಾಜೀನಾಮೆ ಕೊಟ್ಟರು. ಅದನ್ನು ಹಿಡಿದದ್ದು ಖಾಸಗಿ ಚಾನೆಲ್‌ನ ಕ್ಯಾಮೆರಾ. ಅದೇ ಹೊತ್ತಲ್ಲಿ ಸರ್ಕಾರಿ ಕ್ಯಾಮೆರಾ ಒಂದೇ ಇದ್ದಿದ್ದರೆ? ಅದರ ಕಣ್ಣು ಭಾಷಣ ಮಾಡುವವರ ಮೇಲಿರುತ್ತಿತ್ತು. ಅದಕ್ಕೆ ಕೊಟ್ಟ ಕೆಲಸವೇ ಅದು. ಮೈಕ್‌ನಲ್ಲಿ ಆಡಿದ ಮಾತು ಫೀಡ್‌ನಲ್ಲೂ ಬರುತ್ತೆ, ನಿಜ. ಹಿಂದಿನ ಸಾಲಿನಲ್ಲಿ ತೂಕಡಿಸುವವರು, ಉತ್ತರ ಕೊಡಬೇಕಾದ ಸಚಿವರ ಖಾಲಿ ಕುರ್ಚಿ, ಬೈದಾಡಿದ ಮೇಲೆ ಹೆಗಲ ಮೇಲೆ ಕೈ ಹಾಕಿಕೊಂಡು ಹರಟುವ ಎರಡು ಪಕ್ಷದವರು, ಇವೆಲ್ಲ ಬರಲ್ಲ. ನನಗೆ ಭಾಷಣಕ್ಕಿಂತ ಇವೇ ಜಾಸ್ತಿ ಮುಖ್ಯ. ಭಾಷಣವನ್ನು ಮರುದಿನ ಪೇಪರ್‌ನಲ್ಲೂ ಓದಬಹುದು ಅಲ್ವಾ?

ಸರ್ಕಾರಿ ಫೀಡ್ ಅಂದರೆ ಕಣ್ಣು ಯಾವ ಕಡೆ ತಿರುಗಬೇಕು ಅನ್ನೋದನ್ನು ಪೀಠದ ಕೈಗೇ ಕೊಟ್ಟ ಹಾಗೆ. ಲೋಕಸಭೆಯದ್ದೇ ಉದಾಹರಣೆ ತಗೊಳ್ಳಿ. 2023ರ ಆಗಸ್ಟ್‌ನಲ್ಲಿ ಅವಿಶ್ವಾಸ ನಿರ್ಣಯದ ಮೇಲೆ ರಾಹುಲ್ ಗಾಂಧಿ ಮಾತಾಡಿದರು. ಮಣಿಪುರದ ಬಗ್ಗೆ ಅವರು ಮಾತಾಡಿದ್ದು 15 ನಿಮಿಷ 42 ಸೆಕೆಂಡು, ಅದರಲ್ಲಿ 11 ನಿಮಿಷ 8 ಸೆಕೆಂಡು ಸಂಸತ್ತಿನದೇ ಚಾನೆಲ್ ಆದ ಸಂಸದ್ ಟಿವಿ ತೋರಿಸಿದ್ದು ಸ್ಪೀಕರ್ ಮುಖವನ್ನು ಅಂತ ಕಾಂಗ್ರೆಸ್ ಲೆಕ್ಕ ಹಾಕಿ ದೂರಿತು. ಯಾವ ಪಕ್ಷ ಅಧಿಕಾರದಲ್ಲಿದ್ದರೂ ನನಗೆ ಈ ಏರ್ಪಾಡಿನ ಮೇಲೆ ನಂಬಿಕೆಯಿಲ್ಲ. ವಿರೋಧ ಪಕ್ಷದಲ್ಲಿದ್ದಾಗ ಕ್ಯಾಮೆರಾ ಬೇಕು ಅನ್ನುವವರಿಗೆ ಅಧಿಕಾರ ಸಿಕ್ಕ ಮೇಲೆ ಅದು ಕಣ್ಣಿಗೆ ಬಿದ್ದ ಕಸವಾಗುತ್ತೆ.

"ಕಲಾಪ ಯಾರು ನೋಡ್ತಾರೆ ಸಾರ್?" ಅನ್ನೋ ಮಾತೂ ಇದೆ. 2019ರ ಜುಲೈಯಲ್ಲಿ ನಮ್ಮಮ್ಮ ನೋಡಿದರು, ಧಾರಾವಾಹಿ ಬಿಟ್ಟು. ಕುಮಾರಸ್ವಾಮಿಯವರ ವಿಶ್ವಾಸಮತದ ಚರ್ಚೆ ಜುಲೈ 18ಕ್ಕೆ ಶುರುವಾಗಿ 23ರ ಸಂಜೆ 99–105 ಅಂತ ಮುಗಿಯುವವರೆಗೆ ಮನೆಯಲ್ಲಿ ಅದೇ ಮಾತು. ವಿಪ್ ಅಂದರೇನು, ರಾಜೀನಾಮೆ ಅಂಗೀಕಾರಕ್ಕೂ ಅನರ್ಹತೆಗೂ ಏನು ಸಂಬಂಧ, ರಾಜ್ಯಪಾಲರು ಗಡುವು ಕೊಡಬಹುದಾ, ಇದೆಲ್ಲ ಅಮ್ಮನಿಗೆ ಬಾಯಿಪಾಠ ಆಗಿತ್ತು. ಸ್ಪೀಕರ್ ರಮೇಶ್ ಕುಮಾರ್ ಯಾವಾಗ ರೇಗುತ್ತಾರೆ ಅನ್ನೋದನ್ನೂ ಮೊದಲೇ ಹೇಳುತ್ತಿದ್ದರು. ಅದರ ಹಿಂದಿನ ವರ್ಷ, ಯಡಿಯೂರಪ್ಪನವರ ಬಹುಮತ ಸಾಬೀತಿಗೆ ಗೊತ್ತುಮಾಡಿದ್ದ ದಿನವೂ ಹಾಗೇ. ಆಗಂತೂ ಕಲಾಪ ನೇರಪ್ರಸಾರ ಆಗುತ್ತೆ ಅನ್ನೋದನ್ನು ಸುಪ್ರೀಂ ಕೋರ್ಟೇ ದಾಖಲಿಸಿಕೊಂಡಿತ್ತು. ಸದನದಲ್ಲಿ ಏನೋ ನಡೀತಿದೆ ಅನ್ನಿಸಿದರೆ ಜನ ನೋಡ್ತಾರೆ.

ಚಾನೆಲ್‌ಗಳ ಕಡೆ ಇದ್ದೀನಿ ಅಂದೆನಲ್ಲ, ಬೈಗುಳ ಮಾತ್ರ ವಾಪಸ್ ತಗೊಂಡಿಲ್ಲ. 2025ರ ಮಾರ್ಚ್ 21ನ್ನೇ ನೋಡಿ. ಹನಿಟ್ರ್ಯಾಪ್ ಆರೋಪದ ಗದ್ದಲ, ಸ್ಪೀಕರ್ ಪೀಠದ ಮುಂದಿನ ಬಾವಿಗಿಳಿದ ಬಿಜೆಪಿ ಶಾಸಕರು, ಹರಿದು ಎಸೆದ ಕಾಗದ, 18 ಶಾಸಕರಿಗೆ ಆರು ತಿಂಗಳ ಅಮಾನತು. ಅದೇ ಗದ್ದಲದ ನಡುವೆ ಚರ್ಚೆಯಿಲ್ಲದೆ ಪಾಸಾದ ವಿಧೇಯಕಗಳಲ್ಲಿ ಶಾಸಕರ ಸಂಬಳ ಏರಿಕೆಯದ್ದೂ ಇತ್ತು. ಶಾಸಕರ ಮೂಲ ವೇತನ ತಿಂಗಳಿಗೆ 40,000 ಇದ್ದದ್ದು 80,000, ಮುಖ್ಯಮಂತ್ರಿಯದ್ದು 75,000 ಇದ್ದದ್ದು 1.5 ಲಕ್ಷ. ಸುದ್ದಿ ಬಂತು, ಬರಲಿಲ್ಲ ಅಂತಲ್ಲ. ಆದರೆ ನಾನು ನೋಡಿದಷ್ಟು ಹೊತ್ತೂ ಪ್ಯಾನೆಲ್‌ನಲ್ಲಿ ಕೂತವರು ಚಪ್ಪರಿಸಿದ್ದು ಹನಿಟ್ರ್ಯಾಪನ್ನೇ. ಪರಸ್ಪರ ಮುಖ ನೋಡದ ಪಕ್ಷಗಳು ಸಂಬಳದ ವಿಷಯ ಬಂದಾಗ ಎಷ್ಟು ಹೊಂದಿಕೊಂಡು ಹೋಗ್ತವೆ ಅಂತ ಒಬ್ಬ ಆಂಕರ್‌ ಆದರೂ ಕುಟುಕಬಹುದಿತ್ತು.

ಈ ಜಗಳ ನಮ್ಮಲ್ಲಷ್ಟೇ ಇಲ್ಲ. ಅಮೆರಿಕದ ಪ್ರತಿನಿಧಿ ಸಭೆಯಲ್ಲೂ ಮಾಮೂಲಿ ದಿನಗಳಲ್ಲಿ ಕ್ಯಾಮೆರಾ ಸಭೆಯದ್ದೇ. 2023ರ ಜನವರಿಯಲ್ಲಿ ಸ್ಪೀಕರ್ ಆಯ್ಕೆ 15 ಸುತ್ತು ಎಳೆಯಿತು. ಹೊಸ ಸಭೆಯ ನಿಯಮಗಳೇ ಇನ್ನೂ ಜಾರಿಯಾಗಿರಲಿಲ್ಲ, ಹಾಗಾಗಿ ಸಿ-ಸ್ಪ್ಯಾನ್ ಎಂಬ ಖಾಸಗಿ ಚಾನೆಲ್ ತನ್ನ ಕ್ಯಾಮೆರಾಗಳನ್ನು ಬೇಕಾದ ಕಡೆ ತಿರುಗಿಸಿತು. ಯಾರು ಯಾರ ಕಿವಿಯಲ್ಲಿ ಪಿಸುಗುಟ್ಟಿದರು, ಯಾರು ಯಾರ ಮೇಲೆ ರೇಗಿದರು, ಎಲ್ಲ ಕಂಡಿತು. ಜನ ಮುಗಿಬಿದ್ದು ನೋಡಿದರು. ಮುಂದೆಯೂ ನಮ್ಮ ಕೆಲವು ಕ್ಯಾಮೆರಾಗಳಿಗೆ ಅವಕಾಶ ಕೊಡಿ ಅಂತ ಆ ಚಾನೆಲ್ ಹೊಸ ಸ್ಪೀಕರ್‌ಗೆ ಪತ್ರ ಬರೆಯಿತು.

ನನ್ನ ಬೇಡಿಕೆ ಅದಕ್ಕಿಂತ ಚಿಕ್ಕದು. ಎಲ್ಲ ಚಾನೆಲ್‌ಗಳೂ ನುಗ್ಗೋದು ಬೇಡ, ಜಾಗ ಸಾಲಲ್ಲ ಅನ್ನೋ ನೆಪ ಯಾಕೆ ಕೊಡಬೇಕು. ಎಲ್ಲರಿಗೂ ಸೇರಿ ಒಂದೇ ಕ್ಯಾಮೆರಾ, ಪತ್ರಕರ್ತರ ಗ್ಯಾಲರಿಯಲ್ಲಿ, 224 ಕುರ್ಚಿಗಳೂ ಕಾಣುವ ಹಾಗೆ ಅಲುಗಾಡದೆ ನಿಂತಿರಲಿ. ಧ್ವನಿ, ಗ್ರಾಫಿಕ್ಸ್, ಬ್ರೇಕಿಂಗ್ ಪಟ್ಟಿ ಯಾವುದೂ ಬೇಡ. ವಿಧೇಯಕ ಪಾಸಾಗುವ ಹೊತ್ತಿಗೆ ಎಷ್ಟು ಕುರ್ಚಿ ಖಾಲಿ ಇದ್ದವು ಅಂತ ನಾವೇ ಎಣಿಸ್ಕೋತೀವಿ.