ನಾರ್ಡ್‌ಶ್ಲೈಫೆಯಲ್ಲಿ ಮೊದಲ ಸುತ್ತು: ಹೊರಡುವ ಮುನ್ನ ಮಾಡಿಕೊಳ್ಳಬೇಕಾದ ತಯಾರಿ

ಜರ್ಮನಿಯ ಐಫೆಲ್ ಬೆಟ್ಟಗಳ ನಡುವೆ ಇರುವ ನ್ಯೂರ್‌ಬರ್ಗ್‌ರಿಂಗ್ ತೆರೆದದ್ದು 1927ರಲ್ಲಿ. ಅದರ ಹಳೆಯ ಉತ್ತರ ಸುತ್ತೇ ನಾರ್ಡ್‌ಶ್ಲೈಫೆ. ಉದ್ದ 20.8 ಕಿ.ಮೀ., ತಿರುವುಗಳು ಎಪ್ಪತ್ತಕ್ಕೂ ಹೆಚ್ಚು, ಅತಿ ತಗ್ಗಿಗೂ ಅತಿ ಎತ್ತರಕ್ಕೂ ಸುಮಾರು 300 ಮೀಟರ್ ಅಂತರ. ರೇಸು, ಕಂಪನಿಗಳ ಪರೀಕ್ಷೆ ಇಲ್ಲದ ಹೊತ್ತಿನಲ್ಲಿ ದುಡ್ಡು ಕಟ್ಟಿ ಯಾರು ಬೇಕಾದರೂ ಇಲ್ಲಿ ಕಾರು ಓಡಿಸಬಹುದು. ಆದರೆ ಆ ಹೊತ್ತಿನಲ್ಲಿ ಇದು ಕಾನೂನಿನ ಪ್ರಕಾರ ರೇಸ್ ಟ್ರ್ಯಾಕ್ ಅಲ್ಲ, ಒಮ್ಮುಖ ಸಂಚಾರದ ಟೋಲ್ ರಸ್ತೆ. ಲೈಸೆನ್ಸು, ವಿಮೆ, ಬಲಕ್ಕೆ ಸರಿಯುವುದು, ಕನ್ನಡಿ ನೋಡುವುದು ಎಲ್ಲವೂ ಈ ಒಂದು ಸಂಗತಿಯಿಂದಲೇ ಬರುತ್ತವೆ. ಮೊದಲ ಸಲ ಹೋಗುವವರು ಎಡವುವುದು ಹೆಚ್ಚಾಗಿ ಇದನ್ನು ಮರೆತಾಗ.

ಜರ್ಮನಿಯ ಸಂಚಾರ ನಿಯಮಗಳು ಇಲ್ಲಿ ಪೂರ್ತಿ ಅನ್ವಯಿಸುತ್ತವೆ. ಸದಾ ಬಲಬದಿಯಲ್ಲಿರಬೇಕು, ಓವರ್‌ಟೇಕ್ ಎಡಗಡೆಯಿಂದ ಮಾತ್ರ. ನಿಲ್ಲಿಸುವಂತಿಲ್ಲ, ಹಿಮ್ಮುಖವಾಗಿ ಬರುವಂತಿಲ್ಲ, ಪಂದ್ಯ ಕಟ್ಟುವಂತಿಲ್ಲ, ಸುತ್ತಿನ ಸಮಯ ಅಳೆಯುವಂತಿಲ್ಲ. ವೇಗಮಿತಿಯ ಫಲಕ ಇರುವ ಕಡೆ ಅದನ್ನು ಪಾಲಿಸಲೇಬೇಕು.

ದಿನ ಆರಿಸುವಾಗ ಮೊದಲು ಟ್ರ್ಯಾಕಿನ ಅಧಿಕೃತ ಜಾಲತಾಣದ ಕ್ಯಾಲೆಂಡರ್ ತೆರೆಯಿರಿ. ಸಾರ್ವಜನಿಕರಿಗೆ ಸಾಮಾನ್ಯವಾಗಿ ಮಾರ್ಚ್‌ನಿಂದ ನವೆಂಬರ್‌ವರೆಗೆ ಅವಕಾಶ: ವಾರದ ದಿನಗಳಲ್ಲಿ ಸಂಜೆ ಒಂದೆರಡು ಗಂಟೆ, ಕೆಲವು ವಾರಾಂತ್ಯಗಳಲ್ಲಿ ದಿನವಿಡೀ. ಒಂದು ಸುತ್ತಿಗೆ 30 ಯೂರೋ ಅಥವಾ ಅದಕ್ಕಿಂತ ಹೆಚ್ಚು, ವಾರಾಂತ್ಯಕ್ಕೆ ದುಬಾರಿ ದರ. ಈಸ್ಟರ್ ಸುತ್ತಮುತ್ತಲ ದಿನಗಳನ್ನು ಹೊಸಬರು ಬಿಟ್ಟುಬಿಡುವುದೇ ಒಳ್ಳೆಯದು, ಯೂರೋಪಿನ ಅರ್ಧ ಜನ ಅಲ್ಲೇ ಸೇರಿರುತ್ತಾರೆ ಅನ್ನಿಸುವಷ್ಟು ಜಂಗುಳಿ. ದಿನವಿಡೀ ತೆರೆದಿರುವ ವಾರಾಂತ್ಯದಲ್ಲಿ ಬೆಳಗ್ಗೆ ಗೇಟು ತೆರೆಯುವ ಹೊತ್ತಿಗೇ ಅಲ್ಲಿರುವುದು ನಮ್ಮ ಸಲಹೆ. ಅಪಘಾತವೋ ಎಣ್ಣೆ ಚೆಲ್ಲಿದ್ದೋ ಆದರೆ ಟ್ರ್ಯಾಕು ಗಂಟೆಗಟ್ಟಲೆ ಮುಚ್ಚುತ್ತದೆ, ಸಂಜೆಯ ಎರಡು ಗಂಟೆಯನ್ನೇ ನಂಬಿ ಬಂದವರಿಗೆ ಆಗ ಏನೂ ಉಳಿಯುವುದಿಲ್ಲ. ವಿಮಾನದಲ್ಲಿ ಬರುವವರಿಗೆ ಕಲೋನ್-ಬಾನ್ ನಿಲ್ದಾಣ ಹತ್ತಿರ, ಫ್ರಾಂಕ್‌ಫರ್ಟ್‌ನಿಂದಾದರೆ ಕಾರಿನಲ್ಲಿ ಸುಮಾರು ಎರಡು ಗಂಟೆ. ತಂಗಲು ನ್ಯೂರ್‌ಬರ್ಗ್ ಹಳ್ಳಿ ಅಥವಾ ಆಡೆನಾವು ಅನುಕೂಲ.

ಲೈಸೆನ್ಸ್ ವಿಚಾರದಲ್ಲಿ ಜರ್ಮನಿಯಲ್ಲಿ ಕೆಲಸಕ್ಕಿರುವ ನಮ್ಮವರು ವಿಶೇಷವಾಗಿ ಎಚ್ಚರ ವಹಿಸಬೇಕು. ಅಲ್ಲಿ ವಾಸಕ್ಕೆ ನೆಲೆಸಿದ ಮೇಲೆ ಭಾರತದ ಲೈಸೆನ್ಸು ನಡೆಯುವುದು ಆರು ತಿಂಗಳು ಮಾತ್ರ. ಆಮೇಲೆ ಪರೀಕ್ಷೆ ಬರೆದು, ಓಡಿಸಿ ತೋರಿಸಿ ಜರ್ಮನ್ ಲೈಸೆನ್ಸು ಪಡೆಯಬೇಕು. ಅವಧಿ ಮುಗಿದ ಲೈಸೆನ್ಸಿನಲ್ಲಿ ನಾರ್ಡ್‌ಶ್ಲೈಫೆಗೆ ಇಳಿದರೆ ಅದು ಲೈಸೆನ್ಸಿಲ್ಲದೆ ಓಡಿಸಿದ ಅಪರಾಧ, ವಿಮೆಯೂ ಕೈಕೊಡುತ್ತದೆ. ಪ್ರವಾಸಿಗರಾಗಿ ಹೋಗುವವರು ಮೂಲ ಲೈಸೆನ್ಸಿನ ಜೊತೆ ಆರ್‌ಟಿಒ ಕೊಡುವ ಅಂತರರಾಷ್ಟ್ರೀಯ ಪರ್ಮಿಟ್ ಇಟ್ಟುಕೊಳ್ಳಿ. ಅದು ಸಾಕೇ, ಜರ್ಮನ್ ಅನುವಾದವೂ ಬೇಕೇ ಎಂದು ಕಾರು ಬಾಡಿಗೆ ಕೊಡುವವರಿಂದ ಬರಹದಲ್ಲಿ ಉತ್ತರ ಪಡೆಯಿರಿ.

ಇನ್ನು ಕಾರು. ವಿಮಾನ ನಿಲ್ದಾಣದಲ್ಲಿ ಸಿಗುವ ಬಾಡಿಗೆ ಕಾರನ್ನು ಇಲ್ಲಿಗೆ ತರಲೇಬೇಡಿ. ಅವುಗಳ ಕರಾರಿನಲ್ಲಿ ಇಂಥ ಬಳಕೆಗೆ ನಿಷೇಧವಿರುತ್ತದೆ, ಏನಾದರೂ ಆದರೆ ಇಡೀ ಕಾರಿನ ಬೆಲೆ ನಿಮ್ಮ ತಲೆಗೇ ಬರುತ್ತದೆ. ಟ್ರ್ಯಾಕಿನ ಅಕ್ಕಪಕ್ಕದ ಊರುಗಳಲ್ಲಿ ಇದಕ್ಕೆಂದೇ ಸಜ್ಜು ಮಾಡಿದ ಕಾರುಗಳು ಬಾಡಿಗೆಗೆ ಸಿಗುತ್ತವೆ: ರೋಲ್ ಕೇಜ್ (ಕಾರು ಮಗುಚಿದರೆ ಕಾಪಾಡುವ ಒಳಗಿನ ಉಕ್ಕಿನ ಚೌಕಟ್ಟು), ಒಳ್ಳೆಯ ಬ್ರೇಕ್ ಪ್ಯಾಡು, ಹಿಡಿದು ಕೂರಿಸುವ ಸೀಟು. ಮೊದಲ ಸಲಕ್ಕೆ ಸುಜುಕಿ ಸ್ವಿಫ್ಟ್ ಸ್ಪೋರ್ಟ್‌ನಂಥ ಹಗುರ ಕಾರೇ ಸರಿ. ಶಕ್ತಿ ಹೆಚ್ಚಾದಷ್ಟೂ ಪ್ರತಿ ತಿರುವಿಗೂ ಹೆಚ್ಚು ವೇಗದಲ್ಲಿ ಬಂದು ತಲುಪುತ್ತೀರಿ, ದಾರಿ ಗೊತ್ತಿಲ್ಲದವರಿಗೆ ಅದೇ ಅಪಾಯ. ಕರಾರಿಗೆ ಸಹಿ ಹಾಕುವ ಮೊದಲು ಅಪಘಾತವಾದರೆ ನಿಮ್ಮ ಕೈಯಿಂದ ಹೋಗುವ ಮೊತ್ತ ಎಷ್ಟು ಎಂದು ಕೇಳಿ, ಅದು ಸಾವಿರಾರು ಯೂರೋ ಇರುತ್ತದೆ.

ಸ್ವಂತ ಕಾರಿನಲ್ಲಿ ಹೋಗುವವರು ವಿಮೆಯ ಪಾಲಿಸಿಯನ್ನು ಪೂರ್ತಿ ಓದಿ. ರೇಸ್ ಟ್ರ್ಯಾಕುಗಳ ಮೇಲಿನ ಓಡಾಟವನ್ನು, ಸಮಯ ಅಳೆಯದೆ ಓಡಿಸಿದರೂ ಸಹ, ಹೊರಗಿಡುವ ಕಲಮು ಈಗ ಹಲವು ಪಾಲಿಸಿಗಳಲ್ಲಿದೆ. ತಡೆಬೇಲಿಗೆ ಗುದ್ದಿದರೆ ಬೇಲಿಯ ದುರಸ್ತಿ, ಕಾರು ಎಳೆದೊಯ್ಯುವುದು, ರಸ್ತೆ ತೊಳೆಯುವುದು ಎಲ್ಲದಕ್ಕೂ ಬಿಲ್ಲು ಬರುತ್ತದೆ.

ಸ್ವಂತ ಕಾರಿನಲ್ಲಿ ಮೊದಲು ನೋಡಬೇಕಾದ್ದು ಬ್ರೇಕ್ ಆಯಿಲ್. ಅದು ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 4 ಎಂಬ ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ಮಾನದಂಡ, ತೇವ ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ನಗರದ ಓಡಾಟದಲ್ಲಿ ಈ ವ್ಯತ್ಯಾಸ ಗೊತ್ತೇ ಆಗುವುದಿಲ್ಲ, ಐಫೆಲ್‌ನ ಇಳಿಜಾರಿನಲ್ಲಿ ಪೆಡಲ್ ನೆಲಕ್ಕೆ ಹೋಗುವಂತೆ ಮಾಡುವುದು ಇದೇ. ಹೋಗುವ ವಾರ ಹೊಸ ಡಾಟ್ 4 ಅಥವಾ ಡಾಟ್ 5.1 ಹಾಕಿಸಿ, ಬ್ರೇಕ್ ಪೈಪುಗಳಲ್ಲಿನ ಗಾಳಿ ಪೂರ್ತಿ ತೆಗೆಸಿ. ಡಾಟ್ 5 ಸಿಲಿಕೋನ್ ಜಾತಿಯದು, ಇವೆರಡರ ಜೊತೆ ಬೆರೆಸಬಾರದು. ಪ್ಯಾಡುಗಳು ಅರ್ಧಕ್ಕಿಂತ ಹೆಚ್ಚು ಉಳಿದಿರಲಿ: ತೆಳುವಾದ ಪ್ಯಾಡು ಬಿಸಿಯನ್ನು ನೇರವಾಗಿ ಆಯಿಲ್‌ಗೆ ದಾಟಿಸುತ್ತದೆ. ಪೆಡಲ್ ಮೆತ್ತಗಾದರೆ ಆಯಿಲ್ ಕುದಿಯುತ್ತಿದೆ, ಪೆಡಲ್ ಗಟ್ಟಿಯಾಗಿದ್ದೂ ಕಾರು ನಿಲ್ಲದಿದ್ದರೆ ಪ್ಯಾಡು ಸೋತಿದೆ. ಎರಡರಲ್ಲೂ ವೇಗ ಇಳಿಸಿ, ಕೆಳಗಿನ ಗೇರಿನಲ್ಲಿ, ಬಲಕ್ಕೆ ಸರಿದು ಮೆಲ್ಲಗೆ ಸುತ್ತು ಮುಗಿಸುವುದೊಂದೇ ದಾರಿ. ಮೆತ್ತಗಾದ ಪೆಡಲನ್ನು ಎರಡು ಮೂರು ಸಲ ಬೇಗ ಬೇಗ ಒತ್ತಿದರೆ ಸ್ವಲ್ಪ ಹಿಡಿತ ಮರಳುತ್ತದೆ.

ಟೈರಿನ ಗೋಡೆಯ ಮೇಲಿನ ನಾಲ್ಕು ಅಂಕಿ ನೋಡಿ, ಮೊದಲೆರಡು ವಾರ, ಕೊನೆಯೆರಡು ವರ್ಷ. ತುಂಬ ಹಳೆಯ ಟೈರು ಹಲ್ಲು ಉಳಿದಿದ್ದರೂ ಗಡುಸಾಗಿರುತ್ತದೆ. ತಣ್ಣಗಿರುವಾಗ ಕಂಪನಿ ಹೇಳಿದಷ್ಟೇ ಗಾಳಿಯಿರಲಿ. ಒಂದು ಸುತ್ತಿನ ನಂತರ ಒತ್ತಡ ಏರುವುದು ಸಹಜ, ಅದನ್ನು ಗೇಜಿನಲ್ಲಿ ನೋಡಿ ಬರೆದಿಟ್ಟುಕೊಂಡು ಬೇಕಿದ್ದರೆ ಸ್ವಲ್ಪ ಗಾಳಿ ಬಿಡಿ, ಮನೆಗೆ ಹೊರಡುವ ಮೊದಲು ಮತ್ತೆ ತುಂಬಿಸಿ. ಚಕ್ರದ ಬೋಲ್ಟುಗಳನ್ನು ಕೈಪಿಡಿಯಲ್ಲಿರುವ ಅಳತೆಗೆ ಟಾರ್ಕ್ ರೆಂಚಿನಲ್ಲಿ ಬಿಗಿಯಿರಿ. ಎಂಜಿನ್ ಆಯಿಲ್ ಮೇಲಿನ ಗೆರೆಯ ಹತ್ತಿರ ಇರಲಿ, ಗೆರೆ ದಾಟಬಾರದು. ಉದ್ದನೆಯ ತಿರುವಿನಲ್ಲಿ ಆಯಿಲ್ ಒಂದು ಬದಿಗೆ ಸರಿದಾಗ ಪಂಪಿಗೆ ಗಾಳಿ ಸಿಗದಿರಲಿ ಎಂದು ಈ ಕಾಳಜಿ. ಕೂಲಂಟ್ ಪೈಪುಗಳ ಕ್ಲಿಪ್ಪು ಪರೀಕ್ಷಿಸಿ, ಟಾರಿನ ಮೇಲೆ ಚೆಲ್ಲಿದ ಕೂಲಂಟು ಎಣ್ಣೆಯಷ್ಟೇ ಜಾರುತ್ತದೆ. ಚಾಲಕನ ಕಡೆಯ ಮ್ಯಾಟ್, ನೀರಿನ ಬಾಟಲಿ, ಚಿಲ್ಲರೆ, ಫೋನಿನ ಸ್ಟ್ಯಾಂಡ್ ಎಲ್ಲ ತೆಗೆಯಿರಿ. ಪೆಡಲ್ ಕೆಳಗೆ ಉರುಳಿದ ಬಾಟಲಿ ಒಂದೇ ಸಾಕು ಅನಾಹುತಕ್ಕೆ. ಟ್ಯಾಂಕು ಅರ್ಧಕ್ಕಿಂತ ಕೆಳಗೆ ಹೋಗದಿರಲಿ. ಇಲ್ಲಿ ಪೆಟ್ರೋಲು ಸಾಮಾನ್ಯ ರಸ್ತೆಗಿಂತ ಎರಡು ಮೂರು ಪಟ್ಟು ಖರ್ಚಾಗುತ್ತದೆ. ಬಂಕು ಪ್ರವೇಶದ್ವಾರದ ಹತ್ತಿರವೇ, ಬಿ258 ರಸ್ತೆಯಲ್ಲಿದೆ.

ಕರ್ನಾಟಕದಿಂದ ನೇರವಾಗಿ ಹೋಗುವವರಿಗೆ ಇನ್ನೊಂದು ತೊಡಕು. ಸ್ಟಿಯರಿಂಗ್ ಎಡಕ್ಕೆ, ಗೇರು ಬಲಗೈಗೆ, ಒಳಗನ್ನಡಿ ಬಲಮೇಲಕ್ಕೆ. ಅಲ್ಲಿನ ಕಾರುಗಳಲ್ಲಿ ಇಂಡಿಕೇಟರ್ ಕಡ್ಡಿ ಎಡಗಡೆ ಇರುವುದರಿಂದ ನಮ್ಮ ಕೈ ಅಭ್ಯಾಸಕ್ಕೆ ವೈಪರ್ ಆನ್ ಆಗುತ್ತದೆ. ನಿಧಾನದವರು ಎಡಕ್ಕೆ ಸರಿಯುವುದು ನಮ್ಮ ರೂಢಿ. ಇಲ್ಲಿ ಗಾಬರಿಯಲ್ಲಿ ಹಾಗೆ ಎಡಕ್ಕೆ ಸರಿದರೆ ಹಿಂದಿನಿಂದ ವೇಗವಾಗಿ ಬರುವವನ ದಾರಿಗೇ ಅಡ್ಡ ಹೋದಂತೆ. ಕನಿಷ್ಠ ಎರಡು ದಿನ ಐಫೆಲ್‌ನ ಸಾಮಾನ್ಯ ರಸ್ತೆಗಳಲ್ಲಿ ಓಡಿಸಿ ಕೈ ಪಳಗಿಸಿ. ಟ್ರ್ಯಾಕ್ ಎಂದರೇನೆಂದೇ ಗೊತ್ತಿಲ್ಲದವರು ಊರಲ್ಲಿರುವಾಗಲೇ ಬೆಂಗಳೂರು-ಚೆನ್ನೈ ಹೆದ್ದಾರಿಯ ಇರುಂಗಾಟ್ಟುಕೋಟ್ಟೈ ಟ್ರ್ಯಾಕಿನಲ್ಲೋ ಕೊಯಮತ್ತೂರಿನ ಕರಿ ಸ್ಪೀಡ್‌ವೇಯಲ್ಲೋ ತರಬೇತಿ ಪಡೆದು ಹೋದರೆ ಬ್ರೇಕ್ ಪೂರ್ತಿ ಒತ್ತಿದಾಗ ಕಾರು ಏನು ಮಾಡುತ್ತದೆ ಎಂಬುದಾದರೂ ಗೊತ್ತಿರುತ್ತದೆ.

ದಾರಿ ಕಲಿಯಲು ಸಿಮ್ಯುಲೇಟರ್ ಬಹಳ ಉಪಯೋಗಿ. ಅಸೆಟ್ಟೊ ಕೋರ್ಸಾ, ಗ್ರ್ಯಾನ್ ಟುರಿಸ್ಮೊ ಎಂಬ ರೇಸಿಂಗ್ ಗೇಮ್‌ಗಳೆರಡರಲ್ಲೂ ನಾರ್ಡ್‌ಶ್ಲೈಫೆ ಇದೆ. ಅಲ್ಲಿ ಕಲಿಯಬೇಕಾದ್ದು ವೇಗವಲ್ಲ, ತಿರುವುಗಳ ಅನುಕ್ರಮ: ಈ ದಿಬ್ಬದಾಚೆ ರಸ್ತೆ ಎಡಕ್ಕೋ ಬಲಕ್ಕೋ ಎಂದು ಹೆಸರು ಹಿಡಿದು ಹೇಳುವಂತಾಗಬೇಕು. ಇಳಿಜಾರು ಎಷ್ಟು ಕಡಿದಾಗಿದೆ ಎಂಬುದು, ತಗ್ಗಿನಲ್ಲಿ ಮೈ ಸೀಟಿಗೆ ಒತ್ತುವುದು, ಕನ್ನಡಿಯಲ್ಲಿ ಬೆಳೆಯುವ ಪೋರ್ಶೆ ಇವುಗಳನ್ನು ಪರದೆ ಕಲಿಸುವುದಿಲ್ಲ. ಅದಕ್ಕೆ ಮೊದಲ ಸುತ್ತಿಗೆ ಪಕ್ಕದಲ್ಲಿ ತರಬೇತುದಾರರನ್ನು ಕೂರಿಸಿಕೊಳ್ಳಿ, ಆ ಹಣ ದಂಡವಲ್ಲ. ಹಿಂದಿನ ದಿನ ಬ್ರ್ಯೂನ್‌ಶೆನ್ ಅಥವಾ ಆಡೆನಾವರ್ ಫೋರ್ಸ್ಟ್ ತಿರುವಿನ ಬಳಿ ಬೇಲಿಯಾಚೆ ನಿಂತು ಒಂದು ಗಂಟೆ ಬರೀ ನೋಡಿ.

ಸುತ್ತು ಶುರುವಾಗುವುದು ಡೋಟಿಂಗರ್ ಹೋಹೆ ನೇರ ರಸ್ತೆಯ ಪಕ್ಕದ ಗೇಟಿನಿಂದ. ಮೊದಲ ಕೆಲವು ಕಿ.ಮೀ. ಟೈರು, ಬ್ರೇಕು ಬಿಸಿಯಾಗಲು ಬಿಡಿ. ಪ್ರೇಕ್ಷಕರ ಗ್ಯಾಲರಿ ದಾಟಿದರೆ, ಆಡೆನಾವು ಮೂಲದ ಖ್ಯಾತ ಚಾಲಕಿಯ ನೆನಪಿಗೆ 2021ರಲ್ಲಿ ಹೆಸರಿಟ್ಟ ಸಬೀನೆ ಶ್ಮಿಟ್ಸ್ ತಿರುವು, ಅದರಾಚೆ ಹಾಟ್ಸೆನ್‌ಬಾಖ್. ಇಲ್ಲಿ ಎಡ-ಬಲ ತಿರುವುಗಳು ಒಂದಕ್ಕೊಂದು ಹೆಣೆದುಕೊಂಡಿವೆ, ಮೊದಲನೆಯದರಲ್ಲಿ ವೇಗ ಹೆಚ್ಚಾದರೆ ಮೂರನೆಯದರಲ್ಲಿ ರಸ್ತೆ ಸಾಲದೆ ಹೋಗುತ್ತದೆ. ಫ್ಲೂಗ್‌ಪ್ಲಾಟ್ಸ್ ದಿಬ್ಬದ ಮೇಲೆ ಕಾರು ಹಗುರಾಗುತ್ತದೆ, ಬ್ರೇಕು ಅದಕ್ಕೂ ಮೊದಲೇ, ಸ್ಟಿಯರಿಂಗ್ ನೇರ ಇರುವಾಗಲೇ ಹಾಕಿ ಮುಗಿದಿರಬೇಕು. ಶ್ವೇಡನ್‌ಕ್ರಾಯ್ಟ್ಸ್ ಅತಿ ವೇಗದ ಕುರುಡು ಎಡತಿರುವು. ಅದರ ಬೆನ್ನಿಗೇ ಆರೆಂಬೆರ್ಗ್ ಬಲತಿರುವಿಗೆ ಜೋರು ಬ್ರೇಕು ಬೇಕು. ತಿರುಗುತ್ತಲೇ ಬ್ರೇಕು ಒತ್ತಿದರೆ ಹಿಂಭಾಗ ಹಗುರಾಗಿ ಕಾರು ಗಿರಕಿ ಹೊಡೆಯುತ್ತದೆ, ಅದಕ್ಕೇ ಮೊದಲ ದಿನ ಶ್ವೇಡನ್‌ಕ್ರಾಯ್ಟ್ಸ್‌ಗೆ ಮುಂಚೆಯೇ ವೇಗ ಇಳಿಸಿಬಿಡಿ.

ಫುಕ್ಸ್‌ರೋರೆ ಕಡಿದಾದ ಇಳಿಜಾರು. ತಳದಲ್ಲಿ ಸಸ್ಪೆನ್ಷನ್ ಪೂರ್ತಿ ಕುಗ್ಗುತ್ತದೆ, ಆ ಕ್ಷಣದಲ್ಲಿ ಸ್ಟಿಯರಿಂಗ್ ತಿರುಗಿಸುವುದೂ ಬೇಡ, ಬ್ರೇಕೂ ಬೇಡ. ಏರು ಹಿಡಿದು ಕಾರು ನೆಲೆ ನಿಂತ ಮೇಲೆ ಬ್ರೇಕು ಹಾಕಿ, ಯಾಕೆಂದರೆ ದಿಬ್ಬದಾಚೆ ಕಣ್ಣಿಗೆ ಕಾಣದ ಆಡೆನಾವರ್ ಫೋರ್ಸ್ಟ್‌ನ ಬಿಗಿ ಎಡ-ಬಲ ಕಾದಿದೆ. ದಾರಿ ಮರೆತವರು ನೇರ ಹುಲ್ಲಿಗೆ ನುಗ್ಗುವ ಜಾಗ ಇದು. ಕಾಲೆನ್‌ಹಾರ್ಡ್‌ನಿಂದ ವೇರ್‌ಝೈಫೆನ್ ಮೂಲಕ ಬ್ರೈಡ್‌ಶೈಡ್ ಸೇತುವೆಯವರೆಗೆ ಇಳುಕಲೇ ಇಳುಕಲು, ಬ್ರೇಕ್ ಸೋಲುವುದಾದರೆ ಇಲ್ಲೇ. ಮುಂದೆ ಬೆರ್ಗ್‌ವೆರ್ಕ್, 1976ರ ಆಗಸ್ಟ್ 1ರಂದು ಫಾರ್ಮುಲಾ ಒನ್ ಚಾಲಕ ನಿಕಿ ಲಾವ್ಡಾ ಅವರ ಕಾರು ಹೊತ್ತಿಕೊಂಡದ್ದು ಇದರ ಸಮೀಪವೇ. ಅಲ್ಲಿಂದ ಕೆಸೆಲ್‌ಶೆನ್‌ನ ಉದ್ದ ಏರು. ಚಿಕ್ಕ ಕಾರು ಏದುಸಿರು ಬಿಡುವಲ್ಲಿ ದೊಡ್ಡ ಎಂಜಿನ್ನಿನ ಕಾರುಗಳು ಗಂಟೆಗೆ ಎಪ್ಪತ್ತು ಎಂಬತ್ತು ಕಿ.ಮೀ. ಹೆಚ್ಚು ವೇಗದಲ್ಲಿ ಬರಬಹುದು. ಇಲ್ಲಿ ಕಣ್ಣು ರಸ್ತೆಯಷ್ಟೇ ಕನ್ನಡಿಯ ಮೇಲೂ ಇರಲಿ. ಯಾರಾದರೂ ಹತ್ತಿರವಾದರೆ ಬಲ ಇಂಡಿಕೇಟರ್ ಹಾಕಿ, ಬಲಬದಿಯಲ್ಲೇ ಉಳಿದು, ಆಕ್ಸಿಲರೇಟರ್ ಸ್ವಲ್ಪ ಸಡಿಲಿಸಿ. ತಿರುವಿನ ನಡುವೆ ಥಟ್ಟನೆ ದಿಕ್ಕು ಬದಲಿಸಬೇಡಿ. ನೀವು ಮುಂದೇನು ಮಾಡುತ್ತೀರಿ ಎಂಬುದು ಹಿಂದಿನವನಿಗೆ ಖಚಿತವಾಗಿ ತಿಳಿಯುವುದೇ ಇಬ್ಬರಿಗೂ ರಕ್ಷೆ.

ಕಾರುಸೆಲ್ ಎಡಕ್ಕೆ ಸುತ್ತುವ, ಒಳಬದಿಗೆ ವಾಲಿದ ಕಾಂಕ್ರೀಟ್ ತೊಟ್ಟಿ. ಹಲಗೆಗಳ ಸಂದಿಗೆ ಸ್ಟಿಯರಿಂಗ್ ಒದೆಯುತ್ತದೆ, ಹೆಬ್ಬೆರಳನ್ನು ಒಳಗೆ ಸಿಕ್ಕಿಸಿ ಹಿಡಿಯಬೇಡಿ. ತಗ್ಗಾಗಿ ಇಳಿಸಿದ ಕಾರಿನ ತಳ ಉಜ್ಜುವುದುಂಟು, ಅಂಥವರು ಮೇಲಿನ ಟಾರಿನಲ್ಲೇ ಸಾಗಬಹುದು. ಬ್ರ್ಯೂನ್‌ಶೆನ್‌ನಲ್ಲಿ ನೂರಾರು ಜನ ಕ್ಯಾಮೆರಾ ಹಿಡಿದು ನಿಂತಿರುತ್ತಾರೆ, ಅವರಿಗಾಗಿ ಓಡಿಸಬೇಡಿ. ಪ್ಲಾಂಟ್ಸ್‌ಗಾರ್ಟೆನ್‌ನಲ್ಲಿ ಚಕ್ರಗಳು ನೆಲ ಬಿಡುವಂಥ ದಿಬ್ಬವಿದೆ, ನೇರ ಸ್ಟಿಯರಿಂಗಿನಲ್ಲಿ ವೇಗ ಇಳಿಸಿಯೇ ದಾಟಿ. ಗಾಲ್ಗನ್‌ಕಾಪ್ಫ್ ಮುಗಿಸಿ ಮತ್ತೆ ನೇರ ರಸ್ತೆ ಸೇರಿದ ಮೇಲೆ ಬ್ರೇಕು ಮುಟ್ಟದೆ ಮೆಲ್ಲಗೆ ಸಾಗಿ ತಣಿಯಲು ಬಿಡಿ. ಕೊನೆಯಲ್ಲಿ ರಸ್ತೆಯಲ್ಲಿಟ್ಟ ಶಂಕುಗಳ (ಕೋನ್) ನಡುವೆ ನಿಧಾನವಾಗಿ ಹೊರದಾರಿ ಹಿಡಿಯಬೇಕು.

ಮಳೆ ಬಂದರೆ ಮೊದಲ ಸಲದವರು ಇಳಿಯದಿರುವುದೇ ಮೇಲು. ಎಲ್ಲರೂ ಓಡಿಸಿ ನುಣುಪಾದ ಜಾಡು ಒದ್ದೆಯಾದಾಗ ಅತಿ ಜಾರು, ರಸ್ತೆ ಮೇಲೆ ಅಭಿಮಾನಿಗಳು ಬರೆದ ಬಣ್ಣದ ಅಕ್ಷರಗಳೂ ಹಾಗೆಯೇ. ಗೇಟಿನ ಬಳಿ ಬಿಸಿಲಿದ್ದರೂ ಆಡೆನಾವು ಕಡೆಯ ಮರಗಳ ನೆರಳಲ್ಲಿ ರಸ್ತೆ ಒದ್ದೆಯೇ ಇರಬಹುದು.

ಟ್ರ್ಯಾಕಿನ ತುರ್ತು ಸಂಖ್ಯೆಯನ್ನು ಮೊದಲೇ ಫೋನಿನಲ್ಲಿ ಉಳಿಸಿ. ಹಳದಿ ಬಾವುಟ ಅಥವಾ ಹಳದಿ ದೀಪ ಕಂಡರೆ ವೇಗ ಇಳಿಸಿ, ಓವರ್‌ಟೇಕ್ ಬೇಡ. ನಿಮ್ಮ ಕಾರು ಕೆಟ್ಟರೆ ಹಜಾರ್ಡ್ ದೀಪ ಹಾಕಿ ಆದಷ್ಟು ಬಲಕ್ಕೆ ಸರಿಸಿ, ಇಳಿದು ತಕ್ಷಣ ಬೇಲಿಯಾಚೆ ಹೋಗಿ ಕರೆ ಮಾಡಿ. ಆಯಿಲ್ ಅಥವಾ ಕೂಲಂಟ್ ಸೋರುತ್ತಿದೆ ಎಂದು ಅನುಮಾನ ಬಂದರೂ ಗೇಟಿನವರೆಗೆ ಎಳೆಯಬೇಡಿ, ನಿಮ್ಮ ಹಿಂದೆ ಬರುವ ಪ್ರತಿಯೊಬ್ಬರ ಚಕ್ರದಡಿಗೆ ಅದನ್ನು ಬಳಿದಂತಾಗುತ್ತದೆ.

ಹೊರಬಂದ ಮೇಲೆ ಹ್ಯಾಂಡ್‌ಬ್ರೇಕ್ ಎಳೆಯಬೇಡಿ, ಕಾದ ಪ್ಯಾಡು ಡಿಸ್ಕಿಗೆ ಅಂಟಿಕೊಳ್ಳುತ್ತದೆ. ಗೇರಿನಲ್ಲಿ ನಿಲ್ಲಿಸಿ, ಆಟೊಮ್ಯಾಟಿಕ್ ಆದರೆ ಪಾರ್ಕ್‌ಗೆ ಹಾಕಿ. ಕಾರಿನಡಿ ಬಗ್ಗಿ ಸೋರಿಕೆ ನೋಡಿ, ಟೈರಿನ ಅಂಚು ನೋಡಿ, ಪೆಡಲ್ ಒತ್ತಿ ಗಟ್ಟಿಯಿದೆಯೇ ಪರೀಕ್ಷಿಸಿ. ಇಪ್ಪತ್ತು ನಿಮಿಷವಾದರೂ ಬಿಟ್ಟು ಮುಂದಿನ ಸುತ್ತು. ಮೊದಲ ದಿನಕ್ಕೆ ಎರಡು ಮೂರು ಸುತ್ತು ಸಾಕು. ಕಾರಿನಷ್ಟೇ ಗಮನವೂ ದಣಿದಿರುತ್ತದೆ, ನಾಲ್ಕನೆಯದಕ್ಕೆ ಟ್ರ್ಯಾಕಿನ ಪ್ರವೇಶ ಕಾರ್ಡಿನಲ್ಲಿ ಹಣ ಉಳಿದಿದ್ದರೆ ಮರುದಿನ ಬೆಳಗ್ಗೆ ಬನ್ನಿ.